ಸಾಕಿದ ಎಮ್ಮೆ ಹತ್ತು ಕೋಟಿ, ಕಾಡಿನ ಎಮ್ಮೆ ನಾಲ್ಕು ಸಾವಿರಕ್ಕೂ ಕಡಿಮೆ

ಧಾರವಾಡದ ಕೆಲಗೇರಿ ಕೆರೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ದಂಡೆಯ ಮೇಲೆ ನಿಂತ ಗೌಳಿ ಕಾಕಾ ಅರ್ಧ ಗಂಟೆಯಿಂದ ಕೂಗುತ್ತಿದ್ದಾರೆ, ಎಮ್ಮೆಗಳು ಮೇಲೆ ಬರಲು ಒಲ್ಲೆ ಅನ್ನುತ್ತಿವೆ. ನೀರಿನ ಮೇಲೆ ಕಾಣುವುದು ಮೂಗಿನ ಹೊಳ್ಳೆ, ಕಣ್ಣು ಮತ್ತು ಕೋಡು ಮಾತ್ರ. ಒಂದು ಎಮ್ಮೆ ತಲೆಯನ್ನು ಪೂರ್ತಿ ಮುಳುಗಿಸಿ ಎತ್ತುತ್ತದೆ, ಕೋಡಿನಿಂದ ಕೆಸರು ನೀರು ಜಾರುತ್ತದೆ, ಮತ್ತೆ ಮುಳುಗುತ್ತದೆ. ಹಟ ಅಂತ ನಾವು ಬೈಯುತ್ತೇವೆ. ಪಾಪ, ಅದರ ಮೈಯೇ ಹಾಗಿದೆ. ಕಪ್ಪು ಚರ್ಮ, ಮೇಲೆ ಕೂದಲು ಕಡಿಮೆ. ಬೆವರು ಗ್ರಂಥಿಗಳಂತೂ ಆಕಳಿಗೆ ಇರುವುದರ ಸುಮಾರು ಆರನೇ ಒಂದು ಪಾಲಿನಷ್ಟು. ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ. ನೀರು ಇಲ್ಲವೇ ಕೆಸರು ಬೇಕೇ ಬೇಕು.

ನೀರಿನ ಈ ಅವಲಂಬನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ದಿನ ನಾನು ಕಾಕಾಗೆ ಹೇಳಿದೆ: "ಇವುಗಳ ಕಾಡಿನ ಸಂಬಂಧಿ ಇದೆಯಲ್ಲ, ಅದು ಇಡೀ ಜಗತ್ತಿನಲ್ಲಿ ನಾಲ್ಕು ಸಾವಿರಕ್ಕೂ ಕಡಿಮೆ ಉಳಿದಿದೆ." ಕಾಕಾ ನಂಬಲಿಲ್ಲ. "ಏ, ದಾಂಡೇಲಿ ಕಡೆ ಬೇಕಾದಷ್ಟ ಅದಾವಲ್ರಿ ಅಕ್ಕಾರ. ಹಳಿಯಾಳ ದಾರ್‍ಯಾಗ ನಾನ ನೋಡೇನಿ."

ಅವರು ನೋಡಿದ್ದು ಸುಳ್ಳಲ್ಲ. ಆದರೆ ನೋಡಿದ್ದು ಎಮ್ಮೆಯನ್ನಲ್ಲ.

ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ದಾಂಡೇಲಿ, ಯಲ್ಲಾಪುರದ ಕಾಡಿನಲ್ಲಿ, ಕಲಘಟಗಿ–ಅಳ್ನಾವರದ ಅಂಚಿನಲ್ಲಿ ಕೆಲವೊಮ್ಮೆ ಕಾಣುವ ಆ ದೊಡ್ಡ ಪ್ರಾಣಿಯನ್ನು ನಾವು ಕಾಡುಕೋಣ ಅಂತೇವೆ, ಕಾಡೆಮ್ಮೆ ಅಂತಲೂ ಅಂತೇವೆ. ಮಲೆನಾಡಿನವರು ಕಾಟಿ ಅನ್ನುತ್ತಾರೆ. ಅದು ಎಮ್ಮೆಯ ಕುಲದ್ದಲ್ಲ, ದನದ ಕುಲದ್ದು. ಅಂದರೆ ನಮ್ಮ ಆಕಳು, ಎತ್ತುಗಳ ಹತ್ತಿರದ ನೆಂಟ. ಗುರುತು ಹಿಡಿಯುವುದು ಕಷ್ಟವಲ್ಲ. ಕಾಟಿಗೆ ಬೆನ್ನ ಮೇಲೆ ಎದ್ದ ದಿಬ್ಬ, ಮೊಣಕಾಲವರೆಗೆ ಬಿಳಿ ಕಾಲುಚೀಲ ಹಾಕಿದಂಥ ಕಾಲು. ಕೋಡನ್ನು ಅಡ್ಡ ಕೊಯ್ದರೆ ಸುಮಾರು ಗುಂಡಗೆ. ಎಮ್ಮೆಯ ಕೋಡು ಚಪ್ಪಟೆ, ಮೂರು ಮೂಲೆ. ಮನೆಯ ಎಮ್ಮೆಯ ಕೋಡಿನ ಮೇಲೆ ಒಮ್ಮೆ ಕೈಯಾಡಿಸಿ ನೋಡಿ, ಸಾಲು ಸಾಲು ಗೆರೆಗಳು ಬೆರಳಿಗೆ ಸಿಗುತ್ತವೆ. ಕಾಡಿನ ಎಮ್ಮೆಯದೂ ಹಾಗೇ, ಅದರ ಉದ್ದ ಮಾತ್ರ ಬೇರೆ ಲೆಕ್ಕ.

"ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು" ಅನ್ನುವ ಗಾದೆ ಈ ಎರಡು ಪ್ರಾಣಿಗಳಿಗೂ ಸರಿಯಾಗಿ ಹೊಂದುತ್ತದೆ. ದನದ ಕುಲದ ಕಾಟಿ ಗುಡ್ಡಗಾಡಿನದು, ಪಶ್ಚಿಮ ಘಟ್ಟ ಅದಕ್ಕೆ ಒಗ್ಗಿದೆ. ನಿಜವಾದ ಕಾಡೆಮ್ಮೆ ಬಯಲಿನದು. ಹೊಳೆ ದಂಡೆ, ಜವುಗು, ಆಳೆತ್ತರದ ಹುಲ್ಲು ಅದರ ಮನೆ. ಇವತ್ತು ಕರ್ನಾಟಕದ ಯಾವ ಕಾಡಿನಲ್ಲೂ ಅದು ಇಲ್ಲ. ಗೊಂದಲ ಬೇಡ ಅಂತ ಇಲ್ಲಿಂದ ಮುಂದೆ ಆ ಘಟ್ಟದ ಪ್ರಾಣಿಯನ್ನು ಕಾಟಿ ಅಂತಲೂ, ನಿಜವಾದ ಎಮ್ಮೆಯನ್ನು ಕಾಡೆಮ್ಮೆ ಅಂತಲೂ ಕರೆಯುತ್ತೇನೆ.

ಕಾಡೆಮ್ಮೆಯ ಶಾಸ್ತ್ರೀಯ ಹೆಸರು ಬುಬಾಲಸ್ ಆರ್ನೀ. ಅದನ್ನು ಹಿಡಿದು, ಪಳಗಿಸಿ, ಸಾಕಿದ್ದರಿಂದ ಬಂದದ್ದು ನಮ್ಮ ಕೊಟ್ಟಿಗೆಯ ಬುಬಾಲಸ್ ಬುಬಾಲಿಸ್. ಶಾಲೆಯ ಇತಿಹಾಸ ಪುಸ್ತಕದಲ್ಲಿ ಮೊಹೆಂಜೋದಾರೋದ ಪಶುಪತಿ ಮುದ್ರೆಯ ಚಿತ್ರ ನೋಡಿರುತ್ತೀರಿ ಅಲ್ವಾ? ನಡುವೆ ಕೂತ ಆಕೃತಿಯ ಸುತ್ತ ನಾಲ್ಕು ಪ್ರಾಣಿಗಳಿವೆ: ಆನೆ, ಹುಲಿ, ಖಡ್ಗಮೃಗ, ಎಮ್ಮೆ. ಈ ಭೂಮಿಯ ಮನುಷ್ಯರಿಗೆ ಎಮ್ಮೆ ಅಷ್ಟು ಹಳೆಯ ಪರಿಚಯ. ಅಲ್ಲಿಂದ ಇಲ್ಲಿಗೆ ನಾಲ್ಕು ಸಾವಿರ ವರ್ಷ ದಾಟಿವೆ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸಾಕಿದ ಎಮ್ಮೆ–ಕೋಣಗಳು 10.98 ಕೋಟಿ. ಜಗತ್ತಿನ ಕಾಡೆಮ್ಮೆಗಳು 4,000ಕ್ಕೂ ಕಡಿಮೆ. ಭಾಗಿಸಿ ನೋಡಿದೆ. ನಮ್ಮ ದೇಶದ 27 ಸಾವಿರ ಸಾಕಿದ ಎಮ್ಮೆಗಳಿಗೆ ಇಡೀ ಜಗತ್ತಿನಲ್ಲಿ ಒಂದು ಕಾಡೆಮ್ಮೆಯೂ ಪೂರ್ತಿ ಬರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ನಾಲ್ಕು ಸಾವಿರ ಅಂದರೆ ಸಣ್ಣ ಸಂಖ್ಯೆಯೇನಲ್ಲವಲ್ಲ, ಯಾಕಿಷ್ಟು ಗಾಬರಿ?

ಪ್ರಾಣಿ, ಸಸ್ಯಗಳಿಗೆ ಎಷ್ಟು ಅಪಾಯವಿದೆ ಅಂತ ತೂಗಿ ಹೇಳುವುದು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ. 1948ರಲ್ಲಿ ಶುರುವಾಯಿತು. 1964ರಿಂದ ಅದು ಇಡುತ್ತಿರುವ ಲೆಕ್ಕಕ್ಕೆ ಕೆಂಪು ಪಟ್ಟಿ ಅನ್ನುತ್ತಾರೆ. ಪಟ್ಟಿಯಲ್ಲಿ ಮೆಟ್ಟಿಲುಗಳಿವೆ. ಅಪಾಯದ ಮೊದಲ ಮೆಟ್ಟಿಲಿನಲ್ಲಿ ಕಾಟಿ ಇದೆ. ಅದರ ಮೇಲಿನದು ಅಳಿವಿನಂಚು, ಅಲ್ಲಿ ಕಾಡೆಮ್ಮೆ ಇದೆ, 1986ರಿಂದಲೂ. ಅದಕ್ಕೂ ಮೇಲೆ ತೀವ್ರ ಅಳಿವಿನಂಚು. ಆಮೇಲೆ ಕಾಡಿನಲ್ಲಿ ನಿರ್ನಾಮ, ಕೊನೆಗೆ ಪೂರ್ತಿ ನಿರ್ನಾಮ.

ಯಾವ ಪ್ರಾಣಿ ಯಾವ ಮೆಟ್ಟಿಲಲ್ಲಿ ಅಂತ ಹೇಗೆ ತೀರ್ಮಾನಿಸುತ್ತಾರೆ? ಬರೀ ತಲೆ ಎಣಿಸಿ ಅಲ್ಲ. ಹುಬ್ಬಳ್ಳಿ–ಧಾರವಾಡದವರಿಗೆ ಇದನ್ನು ನವಿಲುತೀರ್ಥದ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿಯುತ್ತದೆ. ಬೇಸಿಗೆ ಬಂತೆಂದರೆ ನಾವೆಲ್ಲ ಮಲಪ್ರಭೆಯ ಜಲಾಶಯದಲ್ಲಿ ಎಷ್ಟು ನೀರಿದೆ ಅಂತ ಕೇಳುತ್ತೇವೆ. ಆದರೆ ಅಷ್ಟೇ ಕೇಳಿದರೆ ಸಾಕೇ? ಹೋದ ತಿಂಗಳು ಎಷ್ಟಿತ್ತು, ದಿನಕ್ಕೆ ಎಷ್ಟು ಇಳಿಯುತ್ತಿದೆ, ತಳದಲ್ಲಿ ಹೂಳು ಎಷ್ಟು, ಪಂಪಿಗೆ ಸಿಗುವ ನೀರು ಎಷ್ಟು ಅಂತಲೂ ನೋಡಬೇಕು. ಅರ್ಧ ತುಂಬಿದ ಜಲಾಶಯವೂ ವೇಗವಾಗಿ ಇಳಿಯುತ್ತಿದ್ದರೆ ಚಿಂತೆಯ ಮಾತೇ.

ಕೆಂಪು ಪಟ್ಟಿಯೂ ಹೀಗೇ ನೋಡುತ್ತದೆ. ಮೂರು ತಲೆಮಾರಿನಲ್ಲಿ ಒಂದು ಪ್ರಾಣಿ ಅರ್ಧದಷ್ಟು ಅಥವಾ ಅದಕ್ಕೂ ಜಾಸ್ತಿ ಕಡಿಮೆಯಾಗಿದ್ದರೆ ಅದು ಅಳಿವಿನಂಚಿಗೆ ಬಂದಂತೆ. ಕಾಡೆಮ್ಮೆಗೆ ಮೂರು ತಲೆಮಾರು ಅಂದರೆ ಸುಮಾರು 24ರಿಂದ 30 ವರ್ಷ. ಇನ್ನೊಂದು ಅಳತೆಯೂ ಇದೆ. ಮರಿ ಹಾಕಬಲ್ಲ ವಯಸ್ಸಿನವು 2,500ಕ್ಕಿಂತ ಕಡಿಮೆಯಿದ್ದು, ಎರಡು ತಲೆಮಾರಿನಲ್ಲಿ ಐದನೇ ಒಂದು ಪಾಲು ಇಳಿಯುತ್ತಿದ್ದರೂ ಅದೇ ಮೆಟ್ಟಿಲು. ಕರುಗಳು, ಮುದಿಯಾದವು ಈ ಲೆಕ್ಕಕ್ಕೆ ಬರುವುದಿಲ್ಲ. ಹೂಳಿನ ಮೇಲಿನ ನೀರು ಮಾತ್ರ ಲೆಕ್ಕಕ್ಕೆ ಬಂದ ಹಾಗೆ. ಕಾಡೆಮ್ಮೆ ಈ ಎರಡೂ ಅಳತೆಗೆ ಸಿಕ್ಕಿಬಿದ್ದಿದೆ.

ಉಳಿದವು ಎಲ್ಲಿವೆ? ಹೆಚ್ಚಿನ ಪಾಲು ಭಾರತದಲ್ಲಿ, ಅದರಲ್ಲೂ ಅಸ್ಸಾಮಿನಲ್ಲಿ. ಕಾಜಿರಂಗದಲ್ಲಿ 2008ರ ಎಣಿಕೆಗೆ ಸಿಕ್ಕಿದ್ದು 1,937. ಜಗತ್ತಿನ ಅರ್ಧದಷ್ಟು ಕಾಡೆಮ್ಮೆ ಒಂದೇ ಉದ್ಯಾನದಲ್ಲಿ ಅಂದ ಹಾಗಾಯಿತು. ಮಾನಸ್, ಡಿಬ್ರು–ಸೈಖೋವಾಗಳಲ್ಲೂ ಹಿಂಡುಗಳಿವೆ. ನೇಪಾಳದ ಕೋಶಿ ಟಪ್ಪುವಿನಲ್ಲಿ ಒಂದು ಗುಂಪು. ಭೂತಾನ್, ಥಾಯ್ಲೆಂಡ್, ಕಾಂಬೋಡಿಯಾ, ಮ್ಯಾನ್ಮಾರ್‌ಗಳಲ್ಲಿ ಚೂರುಪಾರು. ಬಾಂಗ್ಲಾದೇಶದಲ್ಲಿ ಮುಗಿದೇ ಹೋಯಿತು. ಮಧ್ಯ ಭಾರತದಲ್ಲಿ ಛತ್ತೀಸಗಡದ ಉದಂತಿ, ಇಂದ್ರಾವತಿ ಸೀಮೆಯಲ್ಲಿ ಬೆರಳೆಣಿಕೆಯಷ್ಟು.

ಇಷ್ಟು ಕಡಿಮೆಯಾಗಲು ಬೇಟೆಯೂ ಕಾರಣ, ಅದು ಎಲ್ಲ ಕಾಡುಪ್ರಾಣಿಗಳದೂ ಒಂದೇ ಕಥೆ. ಎಮ್ಮೆಯ ಕಥೆಯಲ್ಲಿ ನೀರು ದೊಡ್ಡದು. ಕೆಲಗೇರಿ ಕೆರೆಯಲ್ಲಿ ಕಂಡ ಆ ಮೈಗುಣ ಕಾಡಿನಲ್ಲೂ ಇದೆ. ಹೊಳೆ, ಜವುಗು, ಹುಲ್ಲುಗಾವಲು ಮೂರೂ ಒಟ್ಟಿಗೆ ಇರುವ ಕಡೆ ಮಾತ್ರ ಕಾಡೆಮ್ಮೆ ಬದುಕುತ್ತದೆ. ಅಂಥ ನೆಲವೇ ಭತ್ತಕ್ಕೂ ಬಂಗಾರದಂಥ ನೆಲ. ಎಲ್ಲಿ ಎಮ್ಮೆ ಮೇಯುತ್ತಿತ್ತೋ ಅಲ್ಲಿ ಗದ್ದೆ ಬಂತು, ಊರು ಬಂತು, ಹೊಳೆಗೆ ಒಡ್ಡು ಬಂತು. ಹುಲಿಯಾದರೆ ಗುಡ್ಡ ಹತ್ತಿ ಬದುಕೀತು. ಎಮ್ಮೆ ಎಲ್ಲಿ ಹೋಗಬೇಕು? ಕಾಜಿರಂಗದಲ್ಲೂ ಪ್ರತಿ ಮಳೆಗಾಲ ಬ್ರಹ್ಮಪುತ್ರ ಉಕ್ಕಿದಾಗ ಪ್ರಾಣಿಗಳು ಹೆದ್ದಾರಿ ದಾಟಿ ಕಾರ್ಬಿ ಗುಡ್ಡಗಳ ಕಡೆ ಹೋಗಲೇಬೇಕು. ಆ ಪ್ರವಾಹವೇ ಹುಲ್ಲುಗಾವಲನ್ನು ಪ್ರತಿ ವರ್ಷ ಹೊಸದು ಮಾಡುವುದು, ಅದೇ ಪ್ರವಾಹ ಕರುಗಳನ್ನು ಕೊಚ್ಚಿಕೊಂಡು ಹೋಗುವುದು.

ಆಮೇಲೆ ರೋಗ. ಕಾಲುಬಾಯಿ ಬೇನೆ, ಗಳಲೆ ರೋಗದ ಹೆಸರು ನಮ್ಮ ಭಾಗದ ರೈತರಿಗೆ ಹೊಸದಲ್ಲ. ಊರ ದನಗಳು ಕಾಡಂಚಿನಲ್ಲಿ ಮೇಯುವಾಗ ಈ ರೋಗಗಳು ಅದೇ ಹುಲ್ಲು, ಅದೇ ನೀರಿನ ಮೂಲಕ ಕಾಡಿಗೂ ದಾಟುತ್ತವೆ. ಹಿರಿಯರು ದೊಡ್ಡರೋಗ ಅಂತಿದ್ದ ರಿಂಡರ್‌ಪೆಸ್ಟ್ ಹೀಗೇ ದಾಟಿ ಕಾಡೆಮ್ಮೆ, ಕಾಟಿ ಎರಡನ್ನೂ ಹಿಂಡು ಹಿಂಡಾಗಿ ಕೊಂದಿತ್ತು. ಅದು ಭೂಮಿಯಿಂದಲೇ ತೊಲಗಿತು ಅಂತ 2011ರಲ್ಲಿ ಘೋಷಣೆಯಾಯಿತು. ಲಸಿಕೆ ಹಾಕುತ್ತ ಹಳ್ಳಿ ಹಳ್ಳಿ ತಿರುಗಿದ ಪಶುವೈದ್ಯರ ಕೆಲಸ ಅದು. ಅವರು ಕೊಟ್ಟಿಗೆಯ ದನಕ್ಕೆ ಹಾಕಿದ ಲಸಿಕೆ ಕಾಡಿನ ಪ್ರಾಣಿಯನ್ನೂ ಕಾಯಿತು.

ಈಗ ನನ್ನನ್ನು ಜಾಸ್ತಿ ಕಾಡುವ ವಿಷಯಕ್ಕೆ ಬರುತ್ತೇನೆ. ಒಂದು ಪ್ರಾಣಿ ಸಾಯದೆಯೂ ಕಾಣೆಯಾಗಬಹುದು. ಕಾಡೆಮ್ಮೆಗೆ ಈಗ ಇರುವ ದೊಡ್ಡ ಅಪಾಯ ಬಂದೂಕಲ್ಲ, ನಮ್ಮ ಕೊಟ್ಟಿಗೆಯ ಎಮ್ಮೆ.

ಸಾಕಿದ ಎಮ್ಮೆಗೂ ಕಾಡೆಮ್ಮೆಗೂ ಕೂಡಿ ಕರು ಹುಟ್ಟುತ್ತದೆ, ಆ ಕರುವಿಗೂ ಕರು ಹುಟ್ಟುತ್ತದೆ. ಅಸ್ಸಾಮಿನಲ್ಲಿ ಉದ್ಯಾನದ ಅಂಚಿಗೆ ಎಮ್ಮೆ ಮೇಯಿಸುವವರ ಹಟ್ಟಿಗಳಿವೆ. ಕಾಡಿನ ಕೋಣ ಬಂದು ಹಟ್ಟಿಯ ಎಮ್ಮೆಗಳನ್ನು ಕೂಡುತ್ತದೆ. ದನಗಾಹಿಗಳಿಗೆ ಇದು ಬೇಸರವಲ್ಲ, ಕರು ಗಟ್ಟಿಮುಟ್ಟಾಗುತ್ತದೆ ಅಂತ ಖುಷಿಯೇ. ಅಲ್ಲಿಯವರೆಗೆ ತೊಂದರೆ ಕಡಿಮೆ. ಆದರೆ ಹಟ್ಟಿಯ ಕೋಣ ಕಾಡಿನ ಹಿಂಡಿಗೆ ಹೊಕ್ಕರೆ, ಬೆರಕೆ ಎಮ್ಮೆಗಳು ತಪ್ಪಿಸಿಕೊಂಡು ಕಾಡು ಸೇರಿದರೆ? ಒಂದೊಂದೇ ತಲೆಮಾರಿಗೆ ಕಾಡಿನ ಗುಣ ತೆಳುವಾಗುತ್ತ ಹೋಗುತ್ತದೆ. ಹಿಂಡು ಹಾಗೇ ಇರುತ್ತದೆ, ಸಂಖ್ಯೆ ಏರಲೂಬಹುದು. ದೂರದಿಂದ ನೋಡಿದವರಿಗೆ ಎಲ್ಲ ಚೆನ್ನಾಗಿದೆ ಅಂತಲೇ ಕಾಣುತ್ತದೆ. ಒಳಗೆ ಕಾಡೆಮ್ಮೆ ಇರುವುದಿಲ್ಲ. ಪೂರ್ತಿ ಶುದ್ಧ ಕಾಡೆಮ್ಮೆ ಇನ್ನೂ ಉಳಿದಿದೆಯೇ ಅನ್ನುವ ಅನುಮಾನವನ್ನು ತಜ್ಞರೇ ಎತ್ತಿದ್ದಾರೆ. ಅಂದರೆ ಆ ನಾಲ್ಕು ಸಾವಿರದಲ್ಲೂ ಬೆರಕೆಯ ಪಾಲು ಇದೆ.

ಕಾಕಾಗೆ ಇದನ್ನು ಹೇಳುವಾಗ ಬಿಡಿಸಿ ಹೇಳಬೇಕಾಗುತ್ತದೆ ಅಂದುಕೊಂಡಿದ್ದೆ. ಅವರು ಅರ್ಧಕ್ಕೇ ತಲೆಯಾಡಿಸಿದರು. "ಮುರ್ರಾ ಬಂದ ಮ್ಯಾಲ ನಮ್ಮ ಎಮ್ಮಿಗೂ ಹಂಗ ಆತಲ್ರಿ. ಯಾವ ಕೋಣ ಬಿಟ್ಟಾರ ಅನ್ನೂದು ಗೊತ್ತಿಲ್ಲಂದ್ರ ಜಾತಿ ಉಳಿಯಂಗಿಲ್ಲ."

ನಮ್ಮ ಧಾರವಾಡಿ ಎಮ್ಮೆಯ ಮಾತದು. ಕಡುಕಪ್ಪು ಮೈ, ಹೆಗಲವರೆಗೆ ಬಾಗಿದ ಕುಡುಗೋಲಿನಂಥ ಕೋಡು. ಬೇಸಿಗೆಯ ಒಣ ಕಣಿಕೆ ತಿಂದೂ ಗಟ್ಟಿ ಹಾಲು ಕೊಡುತ್ತದೆ. ಧಾರವಾಡ ಪೇಡಾಕ್ಕೆ 2007ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದರ ರುಚಿಯ ಹಿಂದೆ ಇರುವುದು ಈ ಎಮ್ಮೆಯ ಹಾಲು. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆಯ ಕೊಟ್ಟಿಗೆಗಳಲ್ಲಿ ತಲೆತಲಾಂತರದಿಂದ ಇದ್ದರೂ ಇದಕ್ಕೆ ತಳಿಯ ಹೆಸರು ಇರಲಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ ದಾಖಲೆ ಕೊಟ್ಟ ಮೇಲೆ, 2021ರಲ್ಲಿ ಕರ್ನಾಲದ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೋ ಇದನ್ನು ತಳಿಯೆಂದು ನೋಂದಾಯಿಸಿತು. ಅದಕ್ಕೂ ಮೊದಲು ಇದು ಸುಮ್ನೆ ಜವಾರಿ ಎಮ್ಮೆ. ಹೆಚ್ಚು ಹಾಲಿನ ಆಸೆಗೆ ಹರಿಯಾಣದ ಮುರ್ರಾ ಕೋಣ ಕೂಡಿಸಿದ ಕಡೆಯೆಲ್ಲ ಈ ತಳಿ ಕರಗುತ್ತ ಬಂತು. ಯಾರೂ ಎಮ್ಮೆ ಕೊಲ್ಲಲಿಲ್ಲ. ಕೊಟ್ಟಿಗೆ ತುಂಬ ಎಮ್ಮೆ ಇದ್ದವು. ಧಾರವಾಡಿ ಎಮ್ಮೆ ಮಾತ್ರ ಕಡಿಮೆಯಾಯಿತು.

ಕೊಟ್ಟಿಗೆಯಲ್ಲಿ ಮನಸ್ಸು ಮಾಡಿದರೆ ಕೋಣ ಆರಿಸಬಹುದು, ದಾಖಲೆ ಇಡಬಹುದು. ಕಾಡಿನಲ್ಲಿ ರಾತ್ರಿ ಯಾವ ಕೋಣ ಯಾವ ಹಿಂಡಿಗೆ ಬಂತು ಅಂತ ಯಾರು ನೋಡುತ್ತಾರೆ? 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಕಾಡೆಮ್ಮೆ ಇದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಕೊಂದವನನ್ನು ಹಿಡಿಯಲು ಕಾಯ್ದೆಗೆ ಸಾಧ್ಯ. ಬೆರೆಯುವುದನ್ನು ತಡೆಯಲು ಬೇಲಿ, ಕಾವಲು, ದನಗಾಹಿಗಳ ಜೊತೆ ಮಾತುಕತೆ, ಅವರಿಗೆ ಬೇರೆ ಹುಲ್ಲುಗಾವಲು ಇವೆಲ್ಲ ಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಛತ್ತೀಸಗಡದ ಕಾಡೆಮ್ಮೆ ಉಳಿಸಲು ಆದೇಶ ಕೊಟ್ಟಾಗ ಊರೆಮ್ಮೆಗಳ ಜೊತೆ ಬೆರೆಯದಂತೆ ನೋಡಿಕೊಳ್ಳಬೇಕು ಅಂತಲೂ ಹೇಳಿತು. ಕೋರ್ಟಿನ ಮಟ್ಟಕ್ಕೆ ಆ ಮಾತು ಹೋಗಿದ್ದು ನನಗೆ ಸಮಾಧಾನ ಕೊಟ್ಟಿದೆ.

ಛತ್ತೀಸಗಡಕ್ಕೆ ಕಾಡೆಮ್ಮೆ ರಾಜ್ಯಪ್ರಾಣಿ. ಆದರೂ ಉದಂತಿಯಲ್ಲಿ ಒಂದು ಹೊತ್ತಿನಲ್ಲಿ ಉಳಿದದ್ದು ಏಳೇ ಏಳು, ಅದರಲ್ಲಿ ಹೆಣ್ಣು ಒಂದೇ. ಆಶಾ ಅಂತ ಅದಕ್ಕೆ ಹೆಸರಿಟ್ಟರು. ಇಡೀ ಹಿಂಡಿನ ಮುಂದಿನ ಕಾಲ ಒಂದು ಎಮ್ಮೆಯ ಬಸಿರಿನ ಮೇಲೆ ನಿಂತಿತ್ತು. ಆಶಾಳ ಜೀವಕೋಶ ತೆಗೆದುಕೊಂಡು ಕರ್ನಾಲದ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ತದ್ರೂಪಿ ಕರು ಹುಟ್ಟಿಸಿದರು, 2014ರ ಡಿಸೆಂಬರಿನಲ್ಲಿ. ಅದೇ ಕರ್ನಾಲ, ಧಾರವಾಡಿ ಎಮ್ಮೆಗೆ ತಳಿಯ ಪಟ್ಟ ಕೊಟ್ಟ ಊರು. ಹೆಣ್ಣುಕರು, ದೀಪಾಶಾ ಅಂತ ಹೆಸರಿಟ್ಟರು. ದೇಶವೆಲ್ಲ ಸಂಭ್ರಮಿಸಿತು. ಕರು ದೊಡ್ಡದಾದ ಮೇಲೆ ತಕರಾರು ಎದ್ದಿತು: ಇದು ಕಾಡೆಮ್ಮೆಯಂತಿಲ್ಲ, ಮುರ್ರಾ ಎಮ್ಮೆಯಂತಿದೆ! ಅದು ಕಾಡಿನ ಹಿಂಡಿಗೆ ಸೇರಲಿಲ್ಲ. ಒಂದೇ ಒಂದು ಕರುವಿನ ಗುರುತು ಹೇಳಲು ಇಷ್ಟು ಕಷ್ಟವಾದರೆ, ಹುಲ್ಲಿನ ನಡುವೆ ಓಡುವ ಹಿಂಡಿನಲ್ಲಿ ಬೆರಕೆ ಯಾವುದು, ಅಸಲು ಯಾವುದು ಅಂತ ಹೇಳುವುದು ಇನ್ನೆಷ್ಟು ಕಷ್ಟ ಇರಬೇಕು ಯೋಚಿಸಿ.

ಆಮೇಲೆ ಬೇರೆ ದಾರಿ ಹಿಡಿದರು. ಅಸ್ಸಾಮಿನ ಮಾನಸ್‌ನಿಂದ 2020ರಲ್ಲಿ ಎರಡು, 2023ರಲ್ಲಿ ನಾಲ್ಕು ಕಾಡೆಮ್ಮೆಗಳನ್ನು ಲಾರಿಯಲ್ಲಿ ಛತ್ತೀಸಗಡದ ಬಾರನವಾಪಾರಾ ಅಭಯಾರಣ್ಯಕ್ಕೆ ತಂದರು. ಇದಕ್ಕೂ ಆಕ್ಷೇಪ ಬಂತು. ಮಧ್ಯ ಭಾರತದ ಎಮ್ಮೆಯ ವಂಶವೇ ಬೇರೆ, ಅಸ್ಸಾಮಿನದನ್ನು ಬೆರೆಸಿದರೆ ಅದರ ವಿಶೇಷ ಹೋಗುತ್ತದೆ ಅಂತ ಕೆಲವರ ವಾದ. ಬೆರೆಸದಿದ್ದರೆ ಉಳಿಯುವುದೇ ಇಲ್ಲವಲ್ಲ ಅಂತ ಇನ್ನು ಕೆಲವರು. ನನ್ನ ಅಭಿಪ್ರಾಯ ಕೇಳಿದರೆ, ಕಾಡೆಮ್ಮೆಗೆ ಕಾಡೆಮ್ಮೆಯೇ ಜೊತೆಯಾಗುವುದು ಊರ ಎಮ್ಮೆ ಜೊತೆಯಾಗುವುದಕ್ಕಿಂತ ಎಷ್ಟೋ ಮೇಲು. ಆದರೆ ಇಂದ್ರಾವತಿಯ ಕಡೆ ಉಳಿದಿರುವ ಹಳೆಯ ಹಿಂಡನ್ನು ಮೊದಲು ಹಾಗೇ ಕಾಪಾಡಿಕೊಳ್ಳಬೇಕು. ಒಮ್ಮೆ ಬೆರೆತರೆ ಬೇರ್ಪಡಿಸಲು ಆಗುವುದಿಲ್ಲ.

ನೇಪಾಳದಿಂದ ಒಳ್ಳೆಯ ಸುದ್ದಿಯಿದೆ. ಕೋಶಿ ಹೊಳೆಯ ಬಯಲಿನಲ್ಲಿ 1976ರಲ್ಲಿ ಅಭಯಾರಣ್ಯ ಮಾಡಿದಾಗ ಅಲ್ಲಿದ್ದದ್ದು 63 ಕಾಡೆಮ್ಮೆ. 2018ರ ಎಣಿಕೆಯಲ್ಲಿ 441. ಅಭಯಾರಣ್ಯದ ಒಟ್ಟು ಜಾಗ 175 ಚದರ ಕಿಲೋಮೀಟರ್, ಅದೂ ಹೊಳೆ ದಿಕ್ಕು ಬದಲಿಸಿದಾಗ ಬದಲಾಗುವ ಜಾಗ. ಅಷ್ಟರಲ್ಲೇ ಇಷ್ಟಾದವು. ಎಲ್ಲ ಒಂದೇ ಕಡೆ ಇದ್ದರೆ ಒಂದು ಪ್ರವಾಹ, ಒಂದು ರೋಗ ಸಾಕು ಅಂತ 2017ರಲ್ಲಿ ಕೆಲವನ್ನು ಚಿತ್ವನ್ ಉದ್ಯಾನಕ್ಕೆ ಕೊಂಡೊಯ್ದರು. ಕೋಶಿಯಲ್ಲೂ ಊರೆಮ್ಮೆಗಳ ಕಾಟ ತಪ್ಪಿಲ್ಲ. ಆದರೂ ಜಾಗ ಕೊಟ್ಟು, ಹೊಡೆಯುವುದನ್ನು ನಿಲ್ಲಿಸಿದರೆ ಈ ಪ್ರಾಣಿ ಬೆಳೆಯುತ್ತದೆ ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತಿದೆ.

ಸಾಕಿದ ಎಮ್ಮೆ ಇಷ್ಟೊಂದು ಇರುವಾಗ ಕಾಡಿನದು ಯಾಕೆ ಬೇಕು ಅಂತ ಒಬ್ಬರು ನನ್ನನ್ನು ನೇರವಾಗಿ ಕೇಳಿದ್ದರು. ಅದಕ್ಕೆ ಅದರದೇ ಆದ ಬದುಕಿದೆ, ಅದು ಮೊದಲ ಮಾತು. ನಮ್ಮ ಲಾಭದ ಮಾತೂ ಒಂದಿದೆ. ನಾವು ಸಾಕಲು ಆರಿಸಿಕೊಂಡದ್ದು ಸಾಧು ಸ್ವಭಾವದ, ಹಾಲು ಕೊಡುವ ಎಮ್ಮೆಗಳನ್ನು. ಆರಿಸುವಾಗ ಬಿಟ್ಟು ಬಂದ ಗುಣಗಳೆಲ್ಲ ಕಾಡಿನಲ್ಲೇ ಉಳಿದವು. ಹುಲಿಗೆ ಎದುರು ನಿಲ್ಲುವ ದೇಹ, ಯಾರೂ ಮೇವು ಹಾಕದೆ, ಔಷಧಿ ಕೊಡದೆ ಬದುಕುವ ಗಟ್ಟಿತನ. ಒಕ್ಕಲಿಗರು ಬಿತ್ತನೆ ಬೀಜವನ್ನು ಬೇರೆ ಎತ್ತಿಡುವುದಿಲ್ಲವೇ? ಎಮ್ಮೆಗೆ ಅಂಥ ಬೀಜದ ಕಣಜ ಕಾಜಿರಂಗ, ಮಾನಸ್, ಕೋಶಿ.

ಅಷ್ಟು ಹೊತ್ತಿಗೆ ಬಿಸಿಲು ಇಳಿದಿತ್ತು. ಎಮ್ಮೆಗಳು ತಾವಾಗಿಯೇ ಒಂದೊಂದಾಗಿ ದಂಡೆ ಹತ್ತಿದವು. ಮೈಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಕಾಕಾ ಮುಂದಿನ ಎಮ್ಮೆಯ ಕೋಡು ಹಿಡಿದು ನಿಲ್ಲಿಸಿ, ಗೇಣಿನಿಂದ ಬುಡದಿಂದ ತುದಿಯವರೆಗೆ ಅಳೆದರು. "ಕಾಡಿಂದು ಎಷ್ಟ ಇರತೈತ್ರಿ?"

ತೂಕ ಒಂದು ಟನ್ ದಾಟುವ ಕೋಣಗಳಿವೆ, ಚಾಚಿದ ಎರಡು ಕೋಡುಗಳ ತುದಿಯಿಂದ ತುದಿಗೆ ಎರಡು ಮೀಟರ್ ಹತ್ತಿರ ಬರುತ್ತದೆ ಅಂದೆ. ಮೀಟರ್ ಲೆಕ್ಕ ಅವರಿಗೆ ಬೇಕಾಗಿರಲಿಲ್ಲ. ಕೈಗಳೆರಡನ್ನೂ ಚಾಚಿ ತೋರಿಸಿ ಅಂದರು. ಚಾಚಿದೆ. "ಇನ್ನೂ ಜಾಸ್ತಿ ಕಾಕಾ, ನನ್ನ ಕೈ ಸಾಲುವುದಿಲ್ಲ" ಅಂದೆ. ಅವರು ಬಡಿಗೆ ಕೆಳಗಿಟ್ಟು, ತಮ್ಮ ಉದ್ದನೆಯ ಕೈಗಳನ್ನು ಚಾಚಿ ನಿಂತರು. ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಗೆ ನೋಡಿದರು. ಆಮೇಲೆ ತಮ್ಮ ಎಮ್ಮೆಯ ಕಡೆ ತಿರುಗಿದರು. "ನಿಮ್ಮಜ್ಜಂದ ನೋಡಲೇ" ಅಂತ ಅದಕ್ಕೆ ಕೈ ತೋರಿಸಿದರು.